ಅಧ್ಯಾರೋಪಣ ತತ್ವವನ್ನು ಅರ್ಥ ಮಾಡಿಕೊಳ್ಳುವ ಬಗೆ: ಗ್ರಾಫ್ ಹಾಳೆಯಿಂದ ಮಾಳಿಗೆಯವರೆಗೆ

ಆನೆಗೊಂದಿಯ ಸಮೀಪದ ಸಾಣಾಪುರ ಕೆರೆಯ ದಂಡೆಯಲ್ಲಿ, ಗಾಳಿ ಇಲ್ಲದ ಮುಂಜಾನೆಯ ಹೊತ್ತು, ಎರಡು ಹರಿಗೋಲುಗಳು ಎಬ್ಬಿಸಿದ ಅಲೆಗಳು ಎದುರುಬದುರಾಗಿ ಬಂದು ದಾಟಿಹೋಗುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಕೂಡುವ ಜಾಗದಲ್ಲಿ ನೀರು ಕಲಕಿದಂತೆ ಕಂಡರೂ, ದಾಟಿದ ಮೇಲೆ ಪ್ರತಿಯೊಂದು ಅಲೆಯೂ ತನ್ನ ಮೊದಲಿನ ಆಕಾರದಲ್ಲಿಯೇ ಮುಂದೆ ಸಾಗುತ್ತದೆ. ಒಂದು ಬಿಂದುವಿನಲ್ಲಿ ಒಂದೇ ಕ್ಷಣಕ್ಕೆ ಎರಡು ಅಲೆಗಳಿದ್ದರೆ, ಅಲ್ಲಿನ ಸ್ಥಾನಪಲ್ಲಟವು (ಅಂದರೆ ಶಾಂತ ಸ್ಥಿತಿಯಿಂದ ಸರಿದ ದೂರವು) ಅವೆರಡೂ ಬೇರೆಬೇರೆಯಾಗಿ ಉಂಟುಮಾಡಬಹುದಾಗಿದ್ದ ಸ್ಥಾನಪಲ್ಲಟಗಳ ಬೀಜಗಣಿತದ, ಅಂದರೆ ಚಿಹ್ನೆಯನ್ನೂ ಲೆಕ್ಕಕ್ಕೆ ಹಿಡಿದ ಮೊತ್ತವಾಗಿರುತ್ತದೆ ಎಂಬುದೇ ಅಧ್ಯಾರೋಪಣ ತತ್ವ. ಪಿಯು ವಿದ್ಯಾರ್ಥಿಗಳಿಗೆ ಈ ವಾಕ್ಯ ಬಾಯಿಪಾಠವಾಗಿರುತ್ತದೆ. ಆದರೆ ಅದನ್ನು ಕೈಯಿಂದ ಮಾಡಿ ನೋಡದ ಹೊರತು ಅದು ಮನಸ್ಸಿಗೆ ಇಳಿಯುವುದಿಲ್ಲ ಎಂಬುದು ಪಾಠ ಹೇಳುತ್ತಾ ನಾನು ಕಂಡುಕೊಂಡ ಸಂಗತಿ.

ಮೊದಲು ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಬಲಕ್ಕೆ ಚಲಿಸುವ ಒಂದು ಸ್ಪಂದವನ್ನು, ಅಂದರೆ ಒಂಟಿ ಅಲೆಯ ಉಬ್ಬನ್ನು, ಐದು ಬಿಂದುಗಳಲ್ಲಿ 1, 2, 3, 2, 1 ಎತ್ತರಗಳಿಂದ ಗುರುತಿಸಿ. ಎಡಕ್ಕೆ ಚಲಿಸುವ ಇನ್ನೊಂದನ್ನು ಬೇರೆ ಬಣ್ಣದಲ್ಲಿ 1, 2, 1 ಎಂದು ಬರೆಯಿರಿ. ಎರಡರ ನಡುಬಿಂದುಗಳು ಒಂದರ ಮೇಲೊಂದು ಬಂದಾಗ, ಬಿಂದು ಬಿಂದುವಿಗೂ ಕೂಡಿಸಿದರೆ 1, 3, 5, 3, 1 ಬರುತ್ತದೆ. ಅದಕ್ಕೆ ಒಂದು ಚೌಕ ಮೊದಲು, ಚಿಕ್ಕ ಸ್ಪಂದದ ನಡುಬಿಂದು ಇನ್ನೂ ಬಲಕ್ಕಿದ್ದಾಗ, ಬರುವುದು 1, 2, 4, 4, 2. ಈಗ ಚಿಕ್ಕ ಸ್ಪಂದವನ್ನು ತಲೆಕೆಳಗು ಮಾಡಿ, ಅಂದರೆ −1, −2, −1 ಎಂದು ಇಟ್ಟು, ನಡುಬಿಂದುಗಳನ್ನು ಮತ್ತೆ ಸೇರಿಸಿ: 1, 1, 1, 1, 1. ಎರಡು ಮೊನಚು ಆಕಾರಗಳು ಕೂಡಿ ಸಮತಟ್ಟಾದ ದಿಬ್ಬವೊಂದು ಹುಟ್ಟಿತು. ಆ ಎರಡರಲ್ಲಿ ಯಾವುದರಲ್ಲಿಯೂ ಇಂಥ ದಿಬ್ಬ ಇರಲಿಲ್ಲ. ಪ್ರತಿ ಹೆಜ್ಜೆಗೂ ಹೊಸ ಚಿತ್ರ ಬರೆಯುತ್ತಾ ಎಂಟು-ಹತ್ತು ಚಿತ್ರ ಬಿಡಿಸಿ. ಕೊನೆಯ ಚಿತ್ರದಲ್ಲಿ ಎರಡೂ ಸ್ಪಂದಗಳು ತಮ್ಮ ತಮ್ಮ ಆಕಾರದಲ್ಲಿ ಬೇರೆಯಾಗಿ ನಿಲ್ಲುತ್ತವೆ.

ಎತ್ತರ ಸಮವಾಗಿದ್ದು ಚಿಹ್ನೆ ಮಾತ್ರ ಬೇರೆಯಾಗಿರುವ ಎರಡು ಸ್ಪಂದಗಳು ಒಂದು ಹಗ್ಗದ ಮೇಲೆ ಸಂಧಿಸಿದರೆ, ಒಂದು ಕ್ಷಣ ಹಗ್ಗ ಪೂರ್ತಿ ನೇರವಾಗುತ್ತದೆ. ಹಾಗಾದರೆ ಶಕ್ತಿ ಎಲ್ಲಿ ಹೋಯಿತು ಎಂದು ಕೇಳುವ ವಿದ್ಯಾರ್ಥಿ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಆ ಕ್ಷಣದಲ್ಲಿ ಸ್ಥಾನಪಲ್ಲಟ ಸೊನ್ನೆಯೇ ಹೊರತು ವೇಗ ಸೊನ್ನೆಯಲ್ಲ. ಉಬ್ಬಿದ ಸ್ಪಂದ ಬಲಕ್ಕೆ ಹೋಗುತ್ತಿದ್ದರೆ, ಸಂಧಿಸಿದ ಭಾಗದ ಬಲ ಅರ್ಧವು ಮೇಲಕ್ಕೂ ಎಡ ಅರ್ಧವು ಕೆಳಕ್ಕೂ, ಒಂಟಿ ಸ್ಪಂದದಲ್ಲಿ ಇರುವುದಕ್ಕಿಂತ ಇಮ್ಮಡಿ ವೇಗದಲ್ಲಿ ಚಲಿಸುತ್ತಿರುತ್ತದೆ. ಏಕೆಂದರೆ ವೇಗಗಳೂ ಇದೇ ತತ್ವದಂತೆ ಕೂಡುತ್ತವೆ. ಶಕ್ತಿಯೆಲ್ಲವೂ ಚಲನಶಕ್ತಿಯಾಗಿ ಅಲ್ಲಿಯೇ ಇದೆ.

ಮುಂದಿನ ಪ್ರಯೋಗಕ್ಕೆ ತೆರೆದ ಮಾಳಿಗೆ ಬೇಕು. ಕೋಣೆಯೊಳಗೆ ಗೋಡೆಗಳಿಂದ ಪ್ರತಿಫಲಿಸಿದ ಧ್ವನಿ ಎಲ್ಲವನ್ನೂ ಕಲಸಿಬಿಡುತ್ತದೆ. ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿದ ಒಂದೇ ಬಗೆಯ ಎರಡು ಸ್ಪೀಕರ್‌ಗಳನ್ನು 2 ಮೀಟರ್ ಅಂತರದಲ್ಲಿಟ್ಟು, ಮೊಬೈಲ್‌ನಿಂದ 700 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 700 ಕಂಪನಗಳ) ಒಂದೇ ಸ್ವರವನ್ನು ಎರಡಕ್ಕೂ ಕೊಡಿ. ಗಾಳಿಯಲ್ಲಿ ಧ್ವನಿಯ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಅದು ಸುಮಾರು 355 ಮೀಟರ್ ಆಗುತ್ತದೆ. ಆದ್ದರಿಂದ ನಮ್ಮ ಬೇಸಿಗೆಯಲ್ಲಿ ಈ ಸ್ವರದ ತರಂಗದೂರ, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ಅಂತರ, ಸುಮಾರು 51 ಸೆಂಟಿಮೀಟರ್. ಸ್ಪೀಕರ್‌ಗಳಿಂದ 4 ಮೀಟರ್ ದೂರದಲ್ಲಿ ಎರಡಕ್ಕೂ ನಟ್ಟನಡುವೆ ನಿಂತು, ಒಂದು ಕಿವಿ ಮುಚ್ಚಿಕೊಂಡು ಆಲಿಸಿ: ಧ್ವನಿ ಜೋರಾಗಿರುತ್ತದೆ. ಅಲ್ಲಿಂದ ಪಕ್ಕಕ್ಕೆ ಸುಮಾರು ಅರ್ಧ ಮೀಟರ್ ಸರಿದರೆ ಎರಡು ದಾರಿಗಳ ವ್ಯತ್ಯಾಸ ಅರ್ಧ ತರಂಗದೂರದಷ್ಟಾಗಿ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ, ಧ್ವನಿ ಕುಗ್ಗುವುದು ಕಿವಿಗೇ ಗೊತ್ತಾಗುತ್ತದೆ. ನಟ್ಟನಡುವೆಯೇ ಧ್ವನಿ ಕುಗ್ಗಿದಂತೆ ಕೇಳಿದರೆ ತತ್ವ ತಪ್ಪಿಲ್ಲ. ಒಂದು ಸ್ಪೀಕರ್‌ನ ಎರಡು ವೈರುಗಳು ಅದಲುಬದಲಾಗಿವೆ, ತಿರುಗಿಸಿ ಜೋಡಿಸಿ.

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನಿಸಿ. ಕೂಡಿಸಬೇಕಾದದ್ದು ಸ್ಥಾನಪಲ್ಲಟವನ್ನು, ತೀವ್ರತೆಯನ್ನಲ್ಲ, ಅಂದರೆ ಅಲೆ ಹೊತ್ತು ತರುವ ಶಕ್ತಿಯ ಪ್ರಮಾಣವನ್ನಲ್ಲ. ತೀವ್ರತೆಯು ಪಾರದ, ಅಂದರೆ ಗರಿಷ್ಠ ಸ್ಥಾನಪಲ್ಲಟದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಎರಡು ಸಮ ಅಲೆಗಳು ಹೊಂದಿಕೊಂಡು ಬರುವಲ್ಲಿ ತೀವ್ರತೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ವಿರುದ್ಧವಾಗಿ ಬರುವಲ್ಲಿ ಸೊನ್ನೆಯಾಗುತ್ತದೆ. ಒಟ್ಟಾರೆ ಸರಾಸರಿ ಎರಡರಷ್ಟೇ ಉಳಿಯುವುದರಿಂದ ಶಕ್ತಿ ಹುಟ್ಟಲೂ ಇಲ್ಲ, ಕಳೆಯಲೂ ಇಲ್ಲ, ಹಂಚಿಕೆ ಮಾತ್ರ ಬದಲಾಯಿತು. ಬೆಳಕೂ ಹೀಗೆಯೇ ವರ್ತಿಸುತ್ತದೆಂಬ ವಾದವನ್ನು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1801ರಲ್ಲಿ ಮಂಡಿಸಿದನು.

ಭಜನೆಯವರು ತಂಬೂರಿ ಶ್ರುತಿ ಮಾಡುವಾಗ ಹತ್ತಿರ ಕುಳಿತುಕೊಳ್ಳುವ ಅವಕಾಶ ಸಿಕ್ಕರೆ ಬಿಡಬೇಡಿ. ಒಂದೇ ಸ್ವರಕ್ಕೆ ತರಬೇಕಾದ ಎರಡು ತಂತಿಗಳಲ್ಲಿ ಒಂದು 130, ಇನ್ನೊಂದು 132 ಹರ್ಟ್ಸ್ ಇದ್ದರೆ, ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಬಿರಡೆ ತಿರುವಿದಂತೆ ಆ ಏರಿಳಿತ ನಿಧಾನವಾಗುತ್ತಾ ಬಂದು, ಶ್ರುತಿ ಕೂಡಿದಾಗ ನಿಂತುಹೋಗುತ್ತದೆ. ಒಂದೇ ತಂತಿಯಲ್ಲಿ ಹಲವು ಕಂಪನಗಳು ಏಕಕಾಲಕ್ಕೆ ಇರಬಲ್ಲವು ಎಂದು ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೌಲಿ 1753ರಲ್ಲಿಯೇ ಹೇಳಿದ್ದನು.

ಈ ತತ್ವ ಎಲ್ಲ ಕಡೆಯೂ ನಡೆಯುವುದಿಲ್ಲ, ಅದರ ಮಿತಿ ತಿಳಿಯಲು ಒಂದು ಸ್ಪ್ರಿಂಗ್ ಸಾಕು. 100 ಗ್ರಾಮಿಗೆ 2 ಸೆಂಟಿಮೀಟರ್ ಮತ್ತು 200 ಗ್ರಾಮಿಗೆ 4 ಸೆಂಟಿಮೀಟರ್ ಹಿಗ್ಗುವ ಸ್ಪ್ರಿಂಗ್‌ಗೆ ಎರಡನ್ನೂ ಒಟ್ಟಿಗೆ ತೂಗುಬಿಟ್ಟರೆ 6 ಸೆಂಟಿಮೀಟರ್ ಹಿಗ್ಗುತ್ತದೆ. ಅತಿಯಾಗಿ ಎಳೆದರೆ ಈ ಲೆಕ್ಕ ಮುರಿಯುತ್ತದೆ. ಕಾರಣ ಮತ್ತು ಪರಿಣಾಮಗಳು ಹೀಗೆ ನೇರ ಅನುಪಾತದಲ್ಲಿರುವ ಕಡೆ ಮಾತ್ರ ಅಧ್ಯಾರೋಪಣ ನಡೆಯುತ್ತದೆ. ಸಂಡೂರಿನ ಗಣಿಯಲ್ಲಿ ಬಂಡೆ ಸಿಡಿಸುವಾಗ, ಸ್ಫೋಟದ ತೀರಾ ಸಮೀಪದಲ್ಲಿ ಒತ್ತಡದ ಏರಿಕೆ ಬಹಳ ದೊಡ್ಡದಾಗಿರುವುದರಿಂದ ಅಲ್ಲಿನ ಆಘಾತ ತರಂಗಗಳನ್ನು ಹೀಗೆ ಸುಮ್ಮನೆ ಕೂಡಿಸಲಾಗದು. ಅದೇ ತರಂಗವು ದೂರದ ಊರನ್ನು ತಲುಪುವ ಹೊತ್ತಿಗೆ ಕ್ಷೀಣಿಸಿ ಸಾಮಾನ್ಯ ಶಬ್ದವಾಗಿರುತ್ತದೆ. ಆಗ ಅದನ್ನು ಗುಡಿಯ ಗಂಟೆಯ ಶಬ್ದದೊಂದಿಗೆ ಬಿಂದು ಬಿಂದುವಿಗೂ ಕೂಡಿಸಬಹುದು.