ಗೇಮಿಂಗ್ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗ್ತಿದೆಯಾ? ಥರ್ಮಲ್ ಪೇಸ್ಟ್ ತರುವ ಮೊದಲು ಧೂಳು ನೋಡಿ

ಕಲಬುರಗಿಯಿಂದ ಅಕ್ಕನ ಮಗ ಏಪ್ರಿಲ್‌ನಲ್ಲಿ ಫೋನ್ ಮಾಡಿದ. "ಮಾಮಾ, ಹತ್ತು ನಿಮಿಷ ಛಲೋ ಇರ್ತದ, ಆಮ್ಯಾಲ ಗೇಮ್ ನಿಂತು ನಿಂತು ಓಡ್ತದ. ಫ್ಯಾನ್ ಮಿಕ್ಸಿ ಹಂಗ ಒದರ್ತದ." ರಿಪೇರಿ ಅಂಗಡಿಯಲ್ಲಿ ಬಿಚ್ಚಿಯೂ ನೋಡದೆ ಮದರ್‌ಬೋರ್ಡ್ ಹೋಗಿದೆ ಎಂದಿದ್ದರಂತೆ. ಹುಡುಗ ಅಳುವುದೊಂದು ಬಾಕಿ. ಇಂಥ ಮಾತಿಗೆ ಹೆದರಿ ದುಡ್ಡು ಕಳೆದುಕೊಳ್ಳುವವರು ಬಹಳ ಜನ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗುವುದೇ ಕಾಯಿಲೆ ಅಲ್ಲ. ಆಟದ ಹೊತ್ತಿನಲ್ಲಿ ಪ್ರೊಸೆಸರ್ 85-90 ಡಿಗ್ರಿ, ಗ್ರಾಫಿಕ್ಸ್ ಚಿಪ್ 75-85 ಡಿಗ್ರಿ ಇದ್ದರೆ ಮಾಮೂಲು. ಇಂಟೆಲ್‌ನ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100, ಎಎಂಡಿ ರೈಜನ್‌ಗಳಲ್ಲಿ ಬಹಳಷ್ಟಕ್ಕೆ 95. ಆ ಗೆರೆ ಮುಟ್ಟಿದ ಕೂಡಲೇ ಚಿಪ್ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸುತ್ತದೆ. ಗೇಮ್ ತಡೆತಡೆದು ಓಡುವುದು ಆಗಲೇ.

ಮೊದಲು ಅಳತೆ. ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನೋ, ಬಿಸಿ ಎಷ್ಟಿದೆ ಅಂತ ತೋರಿಸುವ ಉಚಿತ ತಂತ್ರಾಂಶ ಹಾಕಿ, ಸೆನ್ಸರ್ ಕಿಟಕಿ ತೆರೆದಿಟ್ಟು 20 ನಿಮಿಷ ಆಡಿ. ಆಮೇಲೆ ಮ್ಯಾಕ್ಸಿಮಮ್ ಕಾಲಂ ನೋಡಿ ಬರೆದಿಟ್ಟುಕೊಳ್ಳಿ. ಕೋಣೆ ಎಷ್ಟು ಬಿಸಿ ಇತ್ತು ಅನ್ನೋದನ್ನೂ ಬರೆಯಿರಿ, ಯಾಕಂದ್ರೆ ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಹತ್ತು ಏರುತ್ತದೆ. ಬೆಂಗಳೂರಿನಲ್ಲಿ ಸರಿಯಾಗಿದ್ದ ಲ್ಯಾಪ್‌ಟಾಪ್ ಕಲಬುರಗಿ ಬೇಸಿಗೆಯಲ್ಲಿ ಒದ್ದಾಡಿದರೆ ಆಶ್ಚರ್ಯವಿಲ್ಲ.

ಎಷ್ಟು ಏರಿತು ಅನ್ನೋದಕ್ಕಿಂತ ಹೇಗೆ ಏರಿತು ಅನ್ನೋದೇ ಮುಖ್ಯ. ಗೇಮ್ ಶುರುವಾದ ಐದಾರು ಸೆಕೆಂಡಿನಲ್ಲೇ ಸರ್ರನೆ 95 ದಾಟಿದರೆ ಚಿಪ್‌ಗೂ ಹೀಟ್‌ಸಿಂಕ್‌ಗೂ (ಚಿಪ್‌ನ ಬಿಸಿ ಹೀರಿ ಹೊರಹಾಕುವ ಲೋಹದ ಭಾಗ) ನಡುವೆ ಹಚ್ಚಿರುವ ಪೇಸ್ಟ್ ಒಣಗಿರಬಹುದು, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ನಿಧಾನಕ್ಕೆ ಏರುತ್ತಾ ಹತ್ತು-ಹದಿನೈದು ನಿಮಿಷಕ್ಕೆ ಮಿತಿ ಮುಟ್ಟಿ, ಫ್ಯಾನ್ ಜೋರಾಗಿ ಕೂಗುತ್ತಿದ್ದರೂ ಹಿಂದಿನ ಕಿಂಡಿಯಿಂದ ಕೈಗೆ ಗಾಳಿ ಸರಿಯಾಗಿ ತಾಗದಿದ್ದರೆ ಅದು ಧೂಳು. ಸುಮ್ನೆ ಇಟ್ಟಾಗಲೂ ಕಾಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಹಿಂದೆ ಏನು ಓಡುತ್ತಿದೆ ನೋಡಿ.

ಅಕ್ಕನ ಮಗನದು ಎರಡನೆಯ ಥರದ್ದು. ಹಾಸಿಗೆ ಮೇಲಿಟ್ಟು ಆಡುತ್ತಿದ್ದ, ಕೆಳಗಿನ ಕಿಂಡಿಗಳು ಪೂರ್ತಿ ಮುಚ್ಚಿದ್ದವು. ಮೇಜಿನ ಮೇಲಿಟ್ಟು ಹಿಂದಿನ ಎರಡು ಮೂಲೆಗೆ ಎರಡೆರಡು ಬಾಟಲಿ ಮುಚ್ಚಳ ಕೊಟ್ಟೆವು. ಅಷ್ಟಕ್ಕೇ ನಾಲ್ಕು ಡಿಗ್ರಿ ಇಳಿಯಿತು.

ಆಮೇಲೆ ಬಿಚ್ಚಿದೆವು. ವಾರಂಟಿ ಇದ್ದರೆ ಮೊದಲು ಅದರ ಷರತ್ತು ಓದಿ. ಆಫ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದ ತಕ್ಷಣ ಬ್ಯಾಟರಿ ಕನೆಕ್ಟರ್ ಕಳಚಿ, ಅದಕ್ಕೂ ಮುಂಚೆ ಬೇರೇನೂ ಮುಟ್ಟಬೇಡಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಬದಲಿಸಲೇಬೇಕು.

ಮೇಲಿಂದ ನೋಡಿದರೆ ಫ್ಯಾನ್ ಸ್ವಚ್ಛವಾಗಿಯೇ ಇತ್ತು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಫ್ಯಾನಿನ ಸ್ಕ್ರೂ ತೆಗೆದು ಎತ್ತಿದಾಗ, ಫ್ಯಾನಿಗೂ ಹೀಟ್‌ಸಿಂಕ್‌ನ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಒಂದು ಪಟ್ಟಿ ಕಂಡಿತು. ಚಿಮಟದಲ್ಲಿ ಹಿಡಿದೆಳೆದರೆ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಹಾಸಿಗೆಯ ಹತ್ತಿ, ಕೂದಲು, ಕೆಂಪು ಧೂಳು, ಎಲ್ಲಾ ಸೇರಿ ಬೆರಳು ದಪ್ಪ. ಹೊರಗಿನಿಂದ ಊದಿದ್ದರೆ ಇದು ಜನ್ಮಕ್ಕೂ ಬರುತ್ತಿರಲಿಲ್ಲ.

ಉಳಿದದ್ದನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರಲ್ಲಿ ನೀರಿನ ಹನಿ ಬರುತ್ತದೆ.

ಪೇಸ್ಟ್ ಬದಲಿಸಲೇಬೇಕಾದರೆ ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಬರೆದಿರುವ ನಂಬರ್ ನೋಡಿ. ಬಿಗಿಯುವಾಗ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಬಿಚ್ಚುವಾಗ ಉಲ್ಟಾ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಥರ್ಮಲ್ ಪ್ಯಾಡ್ (ಸುತ್ತಲಿನ ಚಿಪ್‌ಗಳ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತನೆ ಪಟ್ಟಿ) ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಿ, ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಹೀಟ್‌ಸಿಂಕ್ ಚಿಪ್‌ಗೆ ಅಂಟಿ ಕೂರುವುದಿಲ್ಲ. ನನ್ನ ಕೇಳಿದರೆ ಪೇಸ್ಟ್‌ಗಿಂತ ಪಿಟಿಎಂ 7950 ಹಾಳೆ ಒಳ್ಳೆಯದು, ಬಿಸಿಗೆ ಕರಗಿ ತಾನೇ ಹರಡಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಪೇಸ್ಟ್ ಬದಲು ಕೆಲವರು ಹಚ್ಚುವ ಲಿಕ್ವಿಡ್ ಮೆಟಲ್, ಅಂದರೆ ದ್ರವ ಲೋಹ, ಹೊಸಬರಿಗೆ ಬೇಡವೇ ಬೇಡ. ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಕಥೆ ಮುಗಿಯಿತು.

ಕೊನೆಗೆ ಸೆಟ್ಟಿಂಗ್. ಸೆಕೆಂಡಿಗೆ 60 ಚಿತ್ರ (ಫ್ರೇಮ್) ಮಾತ್ರ ತೋರಿಸುವ 60 ಹರ್ಟ್ಸ್ ಪರದೆಯಲ್ಲಿ 140 ಫ್ರೇಮ್ ಓಡಿಸಿ ಏನು ಲಾಭ, ಅಲ್ವಾ? ಗೇಮ್ ಸೆಟ್ಟಿಂಗ್‌ನಲ್ಲಿ 60ಕ್ಕೆ ಕಟ್ಟಿಹಾಕಿ. ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಸಿಕ್ಕಿದರೆ 99ಕ್ಕೆ ಇಳಿಸಿ. ಸಾಮಾನ್ಯವಾಗಿ ಟರ್ಬೊ, ಅಂದರೆ ಪ್ರೊಸೆಸರ್ ಮಾಮೂಲಿಗಿಂತ ಜಾಸ್ತಿ ವೇಗಕ್ಕೆ ಏರುವುದು, ನಿಲ್ಲುತ್ತದೆ, ಬಿಸಿ ತುಂಬಾ ಇಳಿಯುತ್ತದೆ. ಪ್ರೊಸೆಸರನ್ನೇ ಜಾಸ್ತಿ ದುಡಿಸುವ ಗೇಮ್‌ಗಳಲ್ಲಿ ಮಾತ್ರ ಸ್ವಲ್ಪ ವೇಗ ಕಳೆದುಕೊಳ್ಳುತ್ತೀರಿ.

ಎಲ್ಲಾ ಮುಗಿದ ಮೇಲೆ ಅದೇ ಗೇಮ್, ಅದೇ 20 ನಿಮಿಷ ಆಡಿ, ಹೊಸ ಅಂಕಿಯನ್ನು ಹಳೆಯದರ ಪಕ್ಕ ಬರೆಯಿರಿ. ಇವನದು 100 ಇದ್ದದ್ದು 86ಕ್ಕೆ ಬಂತು, ಪೇಸ್ಟ್ ಮುಟ್ಟಲೇ ಇಲ್ಲ.