ಸಾಲಿನಲ್ಲಿ ಕೊನೆಗೆ ನಿಂತವರಿಗೂ ಶನಿ ಕಾಣಬೇಕು

ನಮ್ಮ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಉಚಿತವಾಗಿ ಆಕಾಶ ತೋರಿಸುವ ರಾತ್ರಿ ಟೆಲಿಸ್ಕೋಪ್ ಪಕ್ಕ ನಿಲ್ಲುವುದು ನನ್ನ ಕೆಲಸ. ಬರುವವರಲ್ಲಿ ಜಾಸ್ತಿ ಜನ ಮೊದಲ ಸಲ ನೋಡುವವರು. ಅವರಿಗೆ ನಿಜವಾಗಿಯೂ ಕಾಣಬೇಕು, ನನಗೆ ಅದೇ ಮುಖ್ಯ.

ಬೆಂಗಳೂರಿನ ಬೆಳಕಲ್ಲಿ ಮಸುಕು ಗ್ಯಾಲಕ್ಸಿ ಹುಡುಕುತ್ತಾ ಕೂತರೆ ಸಾಲು ಕರಗುವುದಿಲ್ಲ. ಚಂದ್ರ, ಗುರು, ಶನಿ ಸಾಕು. ಚಂದ್ರನನ್ನು ತೋರಿಸಲು ಹುಣ್ಣಿಮೆ ಬೇಡ, ಶುಕ್ಲ ಅಷ್ಟಮಿಯ ಆಸುಪಾಸು ಇಟ್ಟುಕೊಳ್ಳಿ. ಆಗ ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದ ಬೀಳುತ್ತದೆ. ಹುಣ್ಣಿಮೆಯಲ್ಲಿ ಎಲ್ಲ ಚಪ್ಪಟೆ.

ನಮ್ಮದು 8 ಇಂಚಿನ ಡಾಬ್ಸೋನಿಯನ್, ಅಂದರೆ ಕೈಯಲ್ಲೇ ತಿರುಗಿಸುವ ಕನ್ನಡಿ ಟೆಲಿಸ್ಕೋಪ್, ಮೋಟಾರ್ ಇಲ್ಲ. ನಾಭಿದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ) 1200 ಮಿ.ಮೀ. ಕಣ್ಣಿಟ್ಟು ನೋಡುವ ಮಸೂರ, ಅಂದರೆ ಐಪೀಸ್, 10 ಮಿ.ಮೀ.ದು ಹಾಕಿದರೆ 1200 ಭಾಗಿಸು 10, ಅಂದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಭೂಮಿ ತಿರುಗುತ್ತಲೇ ಇರುತ್ತದಲ್ವಾ, ಎರಡು ನಿಮಿಷದೊಳಗೆ ಗ್ರಹ ಆಚೆ ಹೋಗಿಬಿಡುತ್ತದೆ. ಅದಕ್ಕೇ ಜನ ಇದ್ದಾಗ 25 ಮಿ.ಮೀ. ಹಾಕುತ್ತೇನೆ. 48 ಪಟ್ಟಿಗೂ ಶನಿಯ ಬಳೆ ಕಾಣುತ್ತದೆ, ಸಮಯ ದುಪ್ಪಟ್ಟಿಗೂ ಜಾಸ್ತಿ ಸಿಗುತ್ತದೆ. (2025ರಲ್ಲಿ ಬಳೆಯ ಅಂಚು ನಮ್ಮ ಕಡೆ ತಿರುಗಿತ್ತು, ಆಗ ಅದು ಬರೀ ಗೆರೆ.) ಗ್ರಹವನ್ನು ನಡುವೆ ಇಡುವುದಿಲ್ಲ. ಅದು ಒಳಗೆ ಬರುವ ಕಡೆಯ ಅಂಚಿನಲ್ಲಿ ಇಡುತ್ತೇನೆ. ನೋಡುವವರು ಬಗ್ಗಿ ಕಣ್ಣು ಹೊಂದಿಸಿಕೊಳ್ಳುವ ಹೊತ್ತಿಗೆ ತಾನಾಗಿ ನಡುವಿಗೆ ಬರುತ್ತದೆ.

ನಮ್ಮೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಗ್ರಹಗಳು ಎಷ್ಟೋ ಸಲ ನೆತ್ತಿಯ ಹತ್ತಿರವೇ ಬರುತ್ತವೆ, ಐಪೀಸೂ ಮೇಲಕ್ಕೆ ಹೋಗುತ್ತದೆ. ಮಕ್ಕಳಿಗೆ ಗಟ್ಟಿ ಸ್ಟೂಲ್ ಬೇಕೇ ಬೇಕು. ಇಲ್ಲದಿದ್ದರೆ ಕೊಳವೆ ಹಿಡಿದು ಜೋತುಬೀಳುತ್ತಾರೆ. ದೊಡ್ಡವರಿಗೆ, "ಕೈ ಹಿಂದೆ ಕಟ್ಟಿಕೊಂಡು ನೋಡಿ" ಅನ್ನುತ್ತೇನೆ.

"ಕಂಡಿತಾ?" ಅಂತ ಮಾತ್ರ ಕೇಳಬೇಡಿ. ಹಿಂದೆ ಜನ ಕಾಯುತ್ತಿದ್ದಾರೆ ಅಂತ ಸಂಕೋಚಪಟ್ಟು ಎಲ್ಲರೂ ಹೂಂ ಅಂದುಬಿಡುತ್ತಾರೆ. ಗುರುವಾದರೆ ಚುಕ್ಕಿ ಎಣಿಸಲು ಹೇಳುತ್ತೇನೆ. 1610ರಲ್ಲಿ ಗೆಲಿಲಿಯೋ ಕಂಡ ಅವೇ ನಾಲ್ಕು ಚಂದ್ರರು.

"ಅಜ್ಜಿ, ಪಕ್ಕದಲ್ಲಿ ಎಷ್ಟು ಚುಕ್ಕಿ ಇವೆ?"

"ಮೂರು ಕಣಪ್ಪ. ಇರು, ಆ ಕಡೆ ಇನ್ನೊಂದು ಇದೆ."

ಇಷ್ಟು ಕೇಳಿದರೆ ನನಗೆ ಸಮಾಧಾನ. "ಬೆಳ್ಳಗೆ ಏನೋ ಇದೆ" ಅಂದರೆ ಫೋಕಸ್ ತಿರುಗಿಸುವುದನ್ನು ಅವರ ಕೈಗೇ ಕೊಡುತ್ತೇನೆ. ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಅದಕ್ಕೆ ಅರ್ಧ ನಿಮಿಷ ಜಾಸ್ತಿ ಹಿಡಿದರೆ ಹಿಡಿಯಲಿ, ಸಾಲಿನವರು ಕಾಯುತ್ತಾರೆ.