ರೇಡಿಯೊ ಗೊರಗುಟ್ಟಿದರೆ ಮೊದಲು ಇನ್ವರ್ಟರ್ ಆರಿಸಿ

ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ ರೇಡಿಯೊ ಗೊರಗುಟ್ಟಿದರೆ ನಮ್ಮ ಕಲಬುರಗಿಯಲ್ಲಿ ಡಬ್ಬಿಗೊಂದು ಗುದ್ದು ಬೀಳುತ್ತದೆ, ಆಕಾಶವಾಣಿಗೊಂದು ಬೈಗುಳ. ಹೆಚ್ಚಿನ ಸಲ ತಪ್ಪು ಎರಡರದ್ದೂ ಅಲ್ಲ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಅಥವಾ ಫ್ಯಾನ್ ರೆಗ್ಯುಲೇಟರಿನದು.

ಕಾರಣ ಹುಡುಕಲು, ಮೇನ್ ಇಳಿಸಿದರೂ ಹಾಡುವಂತೆ ರೇಡಿಯೊಗೆ ಸೆಲ್ ಹಾಕಿ. ಮೀಡಿಯಂ ವೇವ್‌ನಲ್ಲಿ ಕಲಬುರಗಿ ನಿಲಯದ 1107 ಕಿಲೋಹರ್ಟ್ಸ್ ಪಕ್ಕದ ಖಾಲಿ ಜಾಗಕ್ಕೆ ಮುಳ್ಳು ತನ್ನಿ. ಬೇಸಿಗೆಯಾದರೆ ಬೆಳಿಗ್ಗೆ ಏಳರೊಳಗೆ ಕೆಲಸ ಮುಗಿಸಿ. ಮಧ್ಯಾಹ್ನ ಫ್ಯಾನ್ ಆರಿಸಲು ಮನೆಯವರು ಬಿಡುವುದಿಲ್ಲ.

ಎಲ್ಲರೂ ಎಡವುವುದು ಇನ್ನು ಮುಂದೆ. ಮೇನ್ ಸ್ವಿಚ್ ಇಳಿಸುತ್ತಾರೆ, ಸದ್ದು ನಿಲ್ಲುವುದಿಲ್ಲ, ‘ಇದು ಕರೆಂಟಿನ ಕಂಬದ್ದೇ’ ಎಂದು ತೀರ್ಪು ಕೊಡುತ್ತಾರೆ. ಮೂಲೆಯಲ್ಲಿರುವ ಇನ್ವರ್ಟರ್ ಮಾತ್ರ ನೆನಪಾಗುವುದಿಲ್ಲ. ಮೇನ್ ಇಳಿದ ಕೂಡಲೇ ಅದು ಎಚ್ಚೆತ್ತು ಅದೇ ಬಲ್ಬಿಗೆ, ಅದೇ ಫ್ಯಾನಿಗೆ ಕರೆಂಟು ಕೊಡುತ್ತದೆ. ತನ್ನದೂ ಒಂದಿಷ್ಟು ಸದ್ದು ಸೇರಿಸುತ್ತದೆ. ನಮ್ಮ ಸೋದರಮಾವ ಎರಡು ದಿನ ಕಂಬವನ್ನು ಶಪಿಸಿದರು. ಕೊನೆಗೆ ಸಿಕ್ಕಿದ್ದು ದೇವರ ಜಗಲಿಯ ಅಗ್ಗದ ಬಲ್ಬು. ಆದ್ದರಿಂದ ಇನ್ವರ್ಟರನ್ನು ಅದರದೇ ಗುಂಡಿಯಿಂದ ಆರಿಸಿ, ಆಮೇಲೆ ಮೇನ್ ಇಳಿಸಿ. ಸದ್ದು ನಿಂತಿತೇ? ಮನೆಯ ಒಂದೊಂದು ಭಾಗಕ್ಕೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚುಗಳಾದ ಎಂಸಿಬಿಗಳನ್ನೆಲ್ಲ ಇಳಿಸಿಟ್ಟು ಮೇನ್ ಹಾಕಿ, ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಗೊರಗೊರ ಮರಳುತ್ತದೋ ಆ ಕೋಣೆಗೆ ಹೋಗಿ ಪ್ಲಗ್ ಕೀಳಿ. ಫೋನಿಲ್ಲದೆ ಸುಮ್ಮನೆ ಜೋತುಬಿದ್ದ ಚಾರ್ಜರನ್ನೂ ಬಿಡಬೇಡಿ. ರೇಡಿಯೊ ತಿರುಗಿಸಿ ದಿಕ್ಕು ಹಿಡಿಯುವ ಜಾಣರಿದ್ದಾರೆ. ಗೋಡೆಯೊಳಗಿನ ವೈರೂ ಸದ್ದನ್ನು ಹೊತ್ತು ತರುವುದರಿಂದ ಮನೆಯೊಳಗೆ ಅದನ್ನು ನಾನು ನಂಬುವುದಿಲ್ಲ.

ಬಲ್ಬಾದರೆ ಬದಲಿಸಿ. ಚಾರ್ಜರ್ ಆದರೆ ಅದರ ವೈರನ್ನು, ಚಾರ್ಜರಿನ ಪಕ್ಕದಲ್ಲೇ, ಇಂಥ ಸದ್ದು ತಡೆಯುವ ಫೆರೈಟ್ ಬಳೆಗೆ ಸುತ್ತಿ. ಒಂದೇ ಸಲ ತೂರಿಸಿದರೆ ಸಾಲದು. ಮೂರು ಸುತ್ತಿಗೆ ತಡೆ ಸುಮಾರು ಒಂಬತ್ತು ಪಟ್ಟಾಗುತ್ತದೆ. ರೇಡಿಯೊಗೇ ಅಲ್ಯೂಮಿನಿಯಂ ಹಾಳೆ ಸುತ್ತುವ ಉಪಾಯ ಬೇಡ, ಸದ್ದಿನ ಜತೆ ನಿಲಯವೂ ಹೋಗುತ್ತದೆ.

ಫ್ಯಾನ್ ನಡುವೇಗದಲ್ಲಿದ್ದಾಗ ಸದ್ದು ಏರಿ, ಪೂರ್ತಿ ವೇಗದಲ್ಲಿ ತಗ್ಗಿದರೆ ರೆಗ್ಯುಲೇಟರೇ ಕಾರಣ. ನುಣ್ಣಗೆ ತಿರುಗುವ ಗುಂಡಿಯದು ಕರೆಂಟಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ. ಟಕ್ ಟಕ್ ಎಂದು ಹೆಜ್ಜೆ ಬದಲಿಸುವ ಕೆಪಾಸಿಟರ್ ರೆಗ್ಯುಲೇಟರನ್ನೇ ಹಾಕಿಸಿ, ಅಂಗಡಿಯವರು ಏನೇ ಹೇಳಲಿ.

ಎಲ್ಲ ಆರಿಸಿದರೂ ಗೊರಗೊರ ಉಳಿದರೆ ರೇಡಿಯೊ ಹಿಡಿದು ಓಣಿಯಲ್ಲಿ ನಡೆಯಿರಿ. ಕಂಬವೊಂದರ ಬಳಿ ಜೋರಾದರೆ ಅದನ್ನು ಮುಟ್ಟದೆ, ಅದರ ಸಂಖ್ಯೆ ಬರೆದುಕೊಂಡು ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ತಿಳಿಸಿ. ಪಕ್ಕದ ಮನೆಯ ಬಾಗಿಲಲ್ಲಿ ಜೋರಾದರೆ ಒಂದು ಒಳ್ಳೆಯ ಬಲ್ಬು ಕೈಯಲ್ಲಿ ಹಿಡಿದೇ ಬಾಗಿಲು ತಟ್ಟಿ.